ಹುಳು ಹಣ್ಣಾದ ದಿನದ ಪರೀಕ್ಷೆ

ಚೈತ್ರದ ಒಂದು ಗುರುವಾರ, ಬೆಳಿಗ್ಗೆ ಐದೂವರೆ. ಹಾಜರಿದ್ದವರು ಅಜ್ಜಿ, ಅಪ್ಪ, ಅವ್ವ ಮತ್ತು ನಾನು. ಮನೆಯಲ್ಲಿ ಗಡಿಯಾರವಿರಲಿಲ್ಲ, ಹನೂರಿನಿಂದ ಕೊಳ್ಳೇಗಾಲಕ್ಕೆ ಹೊರಡುವ ಮೊದಲ ಬಸ್ಸಿನ ಸದ್ದು ಕೇಳಿದರೆ ಐದೂವರೆ ಎಂದೇ ಲೆಕ್ಕ. ಆ ಸದ್ದಿಗೆ ಸರಿಯಾಗಿ ಅಜ್ಜಿ ಪಡಸಾಲೆಗೆ ಹೋದಳು. ಬಿದಿರಿನ ತಟ್ಟೆಯಿಂದ ಒಂದು ರೇಷ್ಮೆಹುಳುವನ್ನು ಎತ್ತಿ ಬುಡ್ಡಿದೀಪಕ್ಕೆ ಅಡ್ಡ ಹಿಡಿದಳು. ದೀಪದ ಬೆಳಕು ಹುಳುವಿನ ಮೈಯೊಳಗಿಂದ ಹಳದಿಯಾಗಿ ಹಾದುಬಂತು. ಹಾಗೆ ಕಂಡರೆ ಹುಳು ಹಣ್ಣಾಗಿದೆ, ಮೇವು ಬಿಟ್ಟಿದೆ, ಗೂಡು ಕಟ್ಟಲು ಜಾಗ ಹುಡುಕುತ್ತಿದೆ ಎಂದರ್ಥ. ಅಂಥ ಹುಳುಗಳನ್ನು ಒಂದೊಂದಾಗಿ ಆಯ್ದು, ಚಂದ್ರಿಕೆ ಎಂದು ಕರೆಯುವ ಸುರುಳಿ ಬಿದಿರಿನ ಚಾಪೆಯ ಮೇಲೆ ಬಿಡಬೇಕು. ತಡವಾದರೆ ಅವು ಸೊಪ್ಪಿನ ಕಸದಲ್ಲೇ ಗೂಡು ಸುತ್ತಿಕೊಂಡು ಹಾಳಾಗುತ್ತವೆ. ಒಂದು ತಿಂಗಳ ದುಡಿತ ಒಂದು ದಿನದ ಬೆರಳುಗಳ ಮೇಲೆ ನಿಂತಿರುತ್ತದೆ. ಅದೇ ದಿನ ನನ್ನ ನಾಲ್ಕನೇ ಕ್ಲಾಸಿನ ಪರೀಕ್ಷೆ.

ಹುಳು ಸಾಕುವ ಕಾಲದಲ್ಲಿ ಮನೆ ನಮ್ಮದಾಗಿರುತ್ತಿರಲಿಲ್ಲ. ಪಡಸಾಲೆ ಹುಳುಗಳಿಗೆ, ಕೊಟ್ಟಿಗೆಯ ಮೂಲೆ ನಮಗೆ. ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಘಾಟು ತಾಗಿದರೆ ಹುಳು ಸಾಯುತ್ತವೆ ಎಂದು ಅಜ್ಜಿಯ ಕಾನೂನು. ಹೊತ್ತುಹೊತ್ತಿಗೂ ಮುದ್ದೆ, ಉಪ್ಪುಸಾರು, ಹಸಿ ಈರುಳ್ಳಿ. ಜೋರಾಗಿ ಮಾತಾಡುವಂತಿಲ್ಲವಾದ್ದರಿಂದ ಅಜ್ಜಿ ಮತ್ತು ಅವ್ವ ಪಿಸುದನಿಯಲ್ಲೇ ಜಗಳವಾಡುತ್ತಿದ್ದರು. ಕೂಗಾಡುವ ಜಗಳಕ್ಕಿಂತ ಅದು ಕೆಟ್ಟದ್ದು. ಕೂಗಿ ಕೂಗಿ ದಣಿಯುವ ಸುಖವೂ ಇಲ್ಲದೆ ಅದು ವಾರಗಟ್ಟಲೆ ಎಳೆಯುತ್ತಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊಸ್ತಿಲ ಮುಂದೆ ಬೂದಿಯ ಗೆರೆ ಎಳೆದಿದ್ದರೆ ಹೊರಗಿನವರು ಬರಬಾರದೆಂದು ಅರ್ಥ. ಬೀದಿಗೆ ಹೋದವರು ಕೈಕಾಲು ತೊಳೆಯದೆ ಗೆರೆ ದಾಟುವಂತಿರಲಿಲ್ಲ. ಹುಳು ಹಣ್ಣಾಗುವ ಕೊನೆಯ ವಾರದಲ್ಲಂತೂ ಬೀದಿಗೆ ಹೋಗುವುದೇ ಇಲ್ಲ. ಆದ್ದರಿಂದ ನಾನು ಸೋಮವಾರದಿಂದ ಶಾಲೆ ಬಿಟ್ಟಿದ್ದೆ.

ಶಾಲೆಯ ವಿಷಯಕ್ಕೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅಜ್ಜಿಗೆ ಸತ್ತೇಗಾಲದಲ್ಲಿ ತಮ್ಮನಿದ್ದ, ತಮ್ಮನಿಗೆ ಮೊಮ್ಮಗನಿದ್ದ. ಆ ಮೊಮ್ಮಗನಿಗೆ ನಾನು ಎಂದು ಅಜ್ಜಿ ನಾನು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನಿಸಿದ್ದಳು. ಕಾವೇರಿ ಬಯಲು, ಭತ್ತದ ಗದ್ದೆ, ತೆಂಗು. ಇದಕ್ಕಿಂತ ಹೆಣ್ಣಿಗೆ ಇನ್ನೇನು ಬೇಕು ಎನ್ನುವುದು ಅವಳ ಪ್ರಶ್ನೆ. ಅಪ್ಪ ಅಜ್ಜಿಗೆ ಎದುರಾಡುವ ಗಂಡಸಲ್ಲ. ಆದರೆ ನಾನು ನಾಲ್ಕನೇ ಕ್ಲಾಸಿಗೆ ಸೇರಿದ ದಿನ, ಯಾವ ಧೈರ್ಯ ಬಂದಿತ್ತೋ, ಜಗಲಿಯ ಮೇಲೆ ನಾಲ್ಕು ಜನರ ಎದುರು ಹಣೆಯ ವಿಭೂತಿ ಮುಟ್ಟಿಕೊಂಡು ಹೇಳಿಬಿಟ್ಟಿದ್ದ: "ನಾಲ್ಕ್ನೇ ಕ್ಲಾಸು ಪಾಸಾಗಗಂಟ ಕಳುಸ್ತೀನಿ. ಆಮ್ಯಾಲೆ ನಿಮ್ಮಿಷ್ಟ." ಅಪ್ಪ ಮಾತಾಡುವುದೇ ಕಡಿಮೆಯಾದ್ದರಿಂದ ಆಡಿದ ಮಾತು ಮನೆಯಲ್ಲಿ ಕಂಬದ ಹಾಗೆ ನಿಂತುಬಿಡುತ್ತಿತ್ತು. ಅಜ್ಜಿಗೂ ಅದನ್ನು ಕೀಳಲಾಗಲಿಲ್ಲ. ಪರೀಕ್ಷೆಗೆ ಕೂರದಿದ್ದರೆ ಬೇಸಗೆ ರಜ ಬರುತ್ತದೆ, ರಜದಲ್ಲಿ ಸತ್ತೇಗಾಲದವರು ಬಂದು ವೀಳ್ಯ ಕೊಡುತ್ತಾರೆ, ಮಾತು ತಾನಾಗಿ ಬಿದ್ದುಹೋಗುತ್ತದೆ. ಇದು ಅವಳ ಯೋಚನೆ. ನನ್ನ ಯೋಚನೆ ಬೇರೆ. ಕೊಳ್ಳೇಗಾಲದಲ್ಲಿ ದೊಡ್ಡಮ್ಮನ ಮನೆಯಿತ್ತು. ಎಲ್ಲರಿಗಿಂತ ಮೊದಲನೆಯವಳಾಗಿ ಪಾಸಾದರೆ ಅಪ್ಪನಿಗೆ ಹೆಮ್ಮೆ ಹುಟ್ಟಿ, ಮಾತನ್ನು ಇನ್ನಷ್ಟು ಉದ್ದಮಾಡಿ ಅಲ್ಲಿಗೆ ಕಳಿಸುತ್ತಾನೆ ಎಂದು ನಂಬಿದ್ದೆ. ಹತ್ತು ವರ್ಷದ ಹುಡುಗಿಗೆ ಪಾಸಾಗುವುದೇ ಮದುವೆಗೆ ದಾರಿ ಎಂದು ಹೊಳೆಯುವುದಿಲ್ಲ.

ಇನ್ನು ಶಾಂತಮಲ್ಲಪ್ಪ ಮೇಷ್ಟ್ರು. ಒಳ್ಳೆಯ ಮೇಷ್ಟ್ರೆಂದರೆ ತಾಯಿಯ ಹಾಗೆ ಇರಬೇಕು ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ನನಗೆ ತಾಯಿ ಮನೆಯಲ್ಲೇ ಇದ್ದಳು, ಇನ್ನೊಬ್ಬಳು ಬೇಕಾಗಿರಲಿಲ್ಲ. ಮೇಷ್ಟ್ರು ನನ್ನನ್ನು ಪ್ರೀತಿಸಲಿಲ್ಲ, ನಾನೂ ಅವರನ್ನು ಪ್ರೀತಿಸಲಿಲ್ಲ. ಇಷ್ಟು ವರ್ಷವಾದರೂ ಆ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಯಳಂದೂರಿನ ಹತ್ತಿರದ ಮಾಂಬಳ್ಳಿಯವರು. ಆಗ ಅದು ಮೈಸೂರು ರಾಜ್ಯದ್ದು, ನಮ್ಮ ಕೊಳ್ಳೇಗಾಲದ ಕಡೆ ಮದರಾಸಿಗೆ ಸೇರಿತ್ತು. ಆದ್ದರಿಂದ ಊರಿನವರ ಬಾಯಲ್ಲಿ ಅವರು ಕೊನೆಯವರೆಗೂ 'ಮೈಸೂರು ಸೀಮೆಯೋರು'. ಒಣಕಲು ಮೈ, ಬಿಗಿದ ತುಟಿ. ಯಾರನ್ನೂ ಜಾಣ ಎಂದು ಹೊಗಳಿದವರಲ್ಲ, ದಡ್ಡ ಎಂದು ಬೈದವರೂ ಅಲ್ಲ. ಗೌಡರ ಮಗನಿಗೂ ಕುರಿ ಕಾಯುವವನ ಮಗನಿಗೂ ಹಾಜರಿಯಲ್ಲಿರುವ ಪೂರ್ತಿ ಹೆಸರನ್ನೇ ಕೂಗುತ್ತಿದ್ದರು. ಮನೆಯಲ್ಲಿ ಮಾದೇವಿಯಾಗಿದ್ದ ನಾನು ಅವರ ಬಾಯಲ್ಲಿ ಮಾತ್ರ ಮಹದೇವಮ್ಮ. ಕೇಳಿದಾಗಲೆಲ್ಲ ಯಾರೋ ಮುದುಕಿಯನ್ನು ಕರೆದಂತಾಗಿ ಸಿಟ್ಟು ಬರುತ್ತಿತ್ತು. ಮಕ್ಕಳ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕೊಟ್ಟರೂ ಕುಡಿಯುತ್ತಿರಲಿಲ್ಲ. ಅಂದು ಬರೆಸಿದ್ದನ್ನು ಅಂದೇ ತಿದ್ದುವರು. ತಪ್ಪನ್ನು ಮಾಡಿದವರಿಂದಲೇ ಸರಿಮಾಡಿಸದೆ ಮನೆಗೆ ಬಿಡರು, ಹಸಿವೆಯಾದರೂ ಸರಿ, ಅತ್ತರೂ ಸರಿ. ಮೂರು ದಿನ ಮಗು ಬರದಿದ್ದರೆ ನಾಲ್ಕನೇ ದಿನ ಆ ಮನೆಯ ಮುಂದೆ ಅವರ ಕೊಡೆ ಕಾಣಿಸುತ್ತಿತ್ತು. ಆ ಕೊಡೆ ಕಂಡರೆ ಬೀದಿಯ ಹೆಂಗಸರು ಸಾಲ ಕೊಟ್ಟವನು ಬಂದ ಎಂದು ನಗುತ್ತಿದ್ದರು.

ಅಂದು ಗುರುವಾರ, ನಾಲ್ಕನೇ ದಿನ. ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಕೊಡೆ ಕಾಣಿಸಿತು. ಹಿಂದೆ ಇಡೀ ನಾಲ್ಕನೇ ಕ್ಲಾಸು, ಕಂಕುಳಲ್ಲಿ ಹಲಗೆ ಇಟ್ಟುಕೊಂಡು ಸಾಲಾಗಿ ಬರುತ್ತಿತ್ತು. ಅಜ್ಜಿ ಬೂದಿಯ ಗೆರೆಯ ಒಳಗೆ ನಿಂತು, ಕೂಗಬಾರದೆಂಬ ತನ್ನ ಕಾನೂನನ್ನು ತಾನೇ ಮುರಿದಳು.

"ಅಲ್ಲೇ ನಿಂತ್ಕಳಿ! ಉಳ ಹಣ್ಣಾಗವೆ, ಒಳಕ್ಕೆ ಕಾಲಿಕ್ಕಬ್ಯಾಡಿ."

"ಒಳಗೆ ಬರುವುದಿಲ್ಲ," ಎಂದರು ಮೇಷ್ಟ್ರು. "ಮಹದೇವಮ್ಮ ಹೊರಗೆ ಬರಲಿ. ಪರೀಕ್ಷೆ ಇದೆ."

"ಬರಾಕಿಲ್ಲ. ಅವ್ಳು ಬಂದ್ರೆ ಉಳ ಆಯೋರ್ಯಾರು? ನೀವು ಬಂದು ಆಯ್ತೀರಾ?"

"ನನಗೆ ಬರುವುದಿಲ್ಲ."

"ಗೊತ್ತಲ್ಲ ಮತ್ತೆ. ಓಗಿ, ನಿಮ್ಗೆ ಬರೋದ್ನ ನೀವು ಮಾಡ್ಕಳಿ."

"ಅದನ್ನೇ ಮಾಡುತ್ತಿದ್ದೇನೆ," ಎಂದು ಮೇಷ್ಟ್ರು ಹುಡುಗರ ಕಡೆ ತಿರುಗಿ, ನಮ್ಮ ಅಂಗಳದ ಹೊಂಗೆಮರ ತೋರಿಸಿದರು. "ಇಲ್ಲಿ. ಒಬ್ಬರಿಗೊಬ್ಬರು ಕೈ ತಾಗದಂತೆ ಕುಳಿತುಕೊಳ್ಳಿ."

ಅಪ್ಪ ಹಿತ್ತಲಿನಿಂದ ತಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದವನು ಹಾಗೇ ನಿಂತ. "ಇದ್ಯಾಕ್ ಸಾ, ಇಲ್ಗೇ ತಂದ್ರಿ? ಅವ್ಳೊಬ್ಳಿಗೆ ನಾಳಿದ್ದು ಬರ್ಸುದ್ರೆ ಆಗಾಕಿಲ್ವಾ?" ಎಂದು ಕೇಳಿದ.

"ನಾಳಿದ್ದು ಬರೆಸಿದರೆ ಇವರೆಲ್ಲ ಅವಳಿಗೆ ಲೆಕ್ಕ ಹೇಳಿಕೊಟ್ಟಿರುತ್ತಾರೆ. ಬೇರೆ ಲೆಕ್ಕ ಕೊಟ್ಟರೆ ಅವಳದು ಸುಲಭವೋ ಇವರದು ಸುಲಭವೋ ಯಾರು ಹೇಳಬೇಕು? ಎಲ್ಲರಿಗೂ ಒಂದೇ ಹೊತ್ತು, ಒಂದೇ ಪ್ರಶ್ನೆ. ಅವಳು ಅಲ್ಲಿಗೆ ಬರುವಂತಿಲ್ಲ ಎಂದಿರಿ. ಕ್ಲಾಸು ಇಲ್ಲಿಗೆ ಬಂತು."

"ಇದೇನು ಮದ್ವೆ ದಿಬ್ಬಣವಾ, ಹೆಣ್ಣಿನ್ ಮನೆ ಮುಂದ್ಕೇ ಬರಾಕೆ?" ಎಂದಳು ಅಜ್ಜಿ. "ಮಕ್ಳು ಗಲಾಟೆ ಮಾಡಿ ಉಳ ಸತ್ರೆ ಕಟ್ಕೊಡೋರ್ಯಾರು?"

"ಗಲಾಟೆ ಆಗುವುದಿಲ್ಲ."

ಆಗಲಿಲ್ಲ. ಇದನ್ನು ನಾನು ಅವರ ಕಡೆಯ ಸಾಕ್ಷಿಯಾಗಿ ಹೇಳಲೇಬೇಕು. ಬೆತ್ತ ಅವರಲ್ಲಿತ್ತು, ಆದರೆ ಅದನ್ನು ಕೊಡೆಯ ಜೊತೆ ಮರಕ್ಕೆ ಒರಗಿಸಿಟ್ಟಿದ್ದರು. ಹುಡುಗರು ಗದ್ದಲವೆಬ್ಬಿಸಿದರೆ ಅವರು ತಮ್ಮ ದನಿಯನ್ನು ಇಳಿಸುತ್ತಿದ್ದರು. ಏನು ಹೇಳುತ್ತಾರೋ ಕೇಳಿಸದಲ್ಲ ಎಂಬ ಭಯಕ್ಕೆ ಹುಡುಗರೇ ಸುಮ್ಮನಾಗುತ್ತಿದ್ದರು. ಈ ಉಪಾಯವನ್ನು ಮುಂದೆ ನಾನೇ ಶಾಲೆಯ ಮೇಡಂ ಆದಮೇಲೆ ಮೂವತ್ತು ವರ್ಷ ಬಳಸಿದೆ, ಕೃತಜ್ಞತೆಯೇನೂ ಇಲ್ಲದೆ. ಅವ್ವ ಒಳಗಿನಿಂದ ನನ್ನ ಬೆನ್ನಿಗೆ ಕೈಯಿಟ್ಟು ಹೊರಗೆ ನೂಕಿದಳು. ಅಜ್ಜಿಯ ಎದುರೇ ಅವಳು ಅಷ್ಟು ಮಾಡಿದ್ದು ಅದೇ ಮೊದಲು. ಅದರ ಬೆಲೆಯನ್ನು ಅವಳು ಮುಂದೆ ಬಹಳ ದಿನ ತೆತ್ತಳು.

ಮೊದಲು ಉಕ್ತಲೇಖನ, ಆಮೇಲೆ ಓದು. ಎರಡೂ ಚೆನ್ನಾಗಿ ಆದವು. ಮೂರನೆಯದು ಲೆಕ್ಕ. ಮೇಷ್ಟ್ರು ಕೈಗಂಟೆ ಬಾರಿಸಿ ಐದು ಲೆಕ್ಕ ಹೇಳಿ ಬರೆಸಿದರು. ಮೂರು ಸರಿಯಾದರೆ ಪಾಸು. ನಾನು ಮೊದಲನೆಯದನ್ನು ಮುಗಿಸುತ್ತಿದ್ದಂತೆ ಒಳಗಿನಿಂದ ಅಜ್ಜಿ ಕೂಗಿದಳು:

"ಮಾದೇವೀ, ಕೆಳಗಿನ್ ತಟ್ಟೆ ಉಳ ಎಲ್ಲ ಹಣ್ಣಾಗವೆ, ಬಾ!"

ಮೇಷ್ಟ್ರ ಮುಖ ನೋಡಿದೆ. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಓಡಿದೆ. ಕೈ ತೊಳೆದು, ಹುಳು ಆಯ್ದು, ಚಂದ್ರಿಕೆಗೆ ಬಿಟ್ಟು, ಮತ್ತೆ ಕೈ ತೊಳೆದು ಬಂದು ಎರಡನೆಯದನ್ನು ಮಾಡಿದೆ. ಮತ್ತೆ ಕೂಗು. ಈ ಸಲ ಹಿಂತಿರುಗಿದಾಗ ನನ್ನ ಪಕ್ಕದ ಹುಡುಗ ನಾಲ್ಕನೆಯದರಲ್ಲಿದ್ದ. ಅಳು ಬಂತು.

"ಸಾ, ನಾನು ಒಳಕ್ಕೆ ಓಗಿದ್ ಹೊತ್ನ ಸೇರ್ಸಿ ಕೊಡಿ ಸಾ."

"ಒಳಗೆ ಹೋದ ಹೊತ್ತು ನಿಮ್ಮ ಮನೆಯದು. ಗಂಟೆ ಎಲ್ಲರದು. ಬರಿ."

ಮೂರನೆಯ ಲೆಕ್ಕ: ಮೂರು ಜನ ಒಂದು ಗೋಡೆಯನ್ನು ಆರು ದಿನದಲ್ಲಿ ಕಟ್ಟಿದರೆ, ಒಂಬತ್ತು ಜನ ಎಷ್ಟು ದಿನದಲ್ಲಿ ಕಟ್ಟುತ್ತಾರೆ? ಮೂರಕ್ಕೆ ಆರಾದರೆ ಒಂಬತ್ತಕ್ಕೆ ಹದಿನೆಂಟು ಎಂದು ಬರೆದುಬಿಟ್ಟೆ. ಸರಿಯೆಂದೇ ಅನಿಸಿತು. ಅಷ್ಟರಲ್ಲಿ ಮೂರನೆಯ ಸಲ ಕೂಗು ಬಂತು. ನಾನು ಒಳಗಿರುವಾಗಲೇ ಮೇಷ್ಟ್ರು ಗಂಟೆ ಬಾರಿಸಿದರು. ಹೊರಗೆ ಬಂದರೆ ನನ್ನ ಹಲಗೆ ಇದ್ದ ಕಡೆ ಇರಲಿಲ್ಲ. ಮೇಷ್ಟ್ರು ಎಲ್ಲರ ಹಲಗೆಗಳನ್ನೂ ಒಂದರ ಮೇಲೊಂದು, ಅಕ್ಷರ ಅಳಿಯದಂತೆ ನಡುವೆ ಕಡ್ಡಿ ಇಟ್ಟು ಜೋಡಿಸುತ್ತಿದ್ದರು. ಅಜ್ಜಿ ಬಾಗಿಲಿಗೆ ಬಂದು, ಬಾಡಿ ಜೋತುಬಿದ್ದಿದ್ದ ನಾಲ್ಕೈದು ಹುಳುಗಳನ್ನು ಅವರ ಕಾಲ ಬಳಿ ಎಸೆದಳು.

"ಇವು ನಿಮ್ ಪರೀಕ್ಷೆಗೆ ಸತ್ತವು. ತಕಂಡೋಗಿ."

ಮೇಷ್ಟ್ರು ಬಗ್ಗಿ ನೋಡಿದರು. "ಒದ್ದೆ ಸೊಪ್ಪು ಹಾಕಿದ್ದಿರೇನೋ," ಎಂದು ಹೇಳಿ, ಮಕ್ಕಳನ್ನು ಸಾಲು ನಿಲ್ಲಿಸಿಕೊಂಡು ಹೊರಟುಹೋದರು. ಒದ್ದೆ ಸೊಪ್ಪು ಹಾಕಿದ್ದು ನಿಜ. ಹಿಂದಿನ ದಿನ ಮಳೆ ಹನಿದಿತ್ತು. ನಿಜವಾದ್ದರಿಂದ ಅಜ್ಜಿಯ ಸಿಟ್ಟು ಇನ್ನಷ್ಟು ಹೆಚ್ಚಿತು.

ಮಧ್ಯಾಹ್ನದ ಊಟ ನನಗಿನ್ನೂ ನೆನಪಿದೆ. ಕೊಟ್ಟಿಗೆಯಲ್ಲಿ ನಾಲ್ವರೂ ಗೋಡೆಗೆ ಮುಖಮಾಡಿ ಕುಳಿತಿದ್ದೆವು. ಅಜ್ಜಿ ಅವ್ವನಿಗೆ ಮುದ್ದೆ ಬಡಿಸಲಿಲ್ಲ. ಅವ್ವ ತಾನೇ ಎದ್ದು ಹಾಕಿಕೊಂಡಳು. "ಮಗ್ಳುನ್ನ ಆಚ್ಗೆ ತಳ್ಳೋಕೆ ಕೈಯಲ್ಲಿ ಸಕ್ತಿ ಬರ್ಲಿ ಅಂತ ಉಣ್ತಾವ್ಳೆ ನೋಡು," ಎಂದಳು ಅಜ್ಜಿ, ಗೋಡೆಗೆ. "ನಿಮ್ ಮಗ್ನೇ ಅಲ್ವಾ ಅತ್ತೆ ಮಾತ್ ಕೊಟ್ಟಿದ್ದು," ಎಂದಳು ಅವ್ವ, ಅದೇ ಗೋಡೆಗೆ. ಅಪ್ಪ ಸಾರಿನಲ್ಲಿ ಬೆರಳಾಡಿಸುತ್ತಾ, ಯಾವ ಗೋಡೆಯೂ ತನ್ನದಲ್ಲ ಎನ್ನುವಂತೆ ಕುಳಿತಿದ್ದ. ಉಂಡೆದ್ದವರೇ ಮತ್ತೆ ಪಡಸಾಲೆಗೆ. ಸಂಜೆಯವರೆಗೆ ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ಹುಳುಗಳಿಗೆ ಬೇಕಾದ ಮೌನ ಅಂದು ಪೂರ್ತಿಯಾಗಿ ಸಿಕ್ಕಿತು.

ದನ ಮನೆಗೆ ಬರುವ ಹೊತ್ತಿಗೆ ಕೊಡೆ ಮತ್ತೆ ಕಾಣಿಸಿತು. ಈ ಸಲ ಮೇಷ್ಟ್ರು ಒಬ್ಬರೇ. ಕೈಯಲ್ಲಿ ನನ್ನ ಹಲಗೆ. ಗೆರೆಯ ಆಚೆ ನಿಂತು, ಹವಾ ಹೇಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು:

"ಭಾಷೆ ಪಾಸು. ಲೆಕ್ಕದಲ್ಲಿ ಎರಡು ಸರಿ, ಒಂದು ತಪ್ಪು, ಎರಡು ಮಾಡಿಲ್ಲ. ಫೇಲು."

ನಾನು ಚಂದ್ರಿಕೆಯ ಹಿಂದೆ ಅವಿತುಕೊಂಡೆ. ಊರಿನಲ್ಲಿ ನನ್ನ ಕ್ಲಾಸಿನ ಎಲ್ಲರಿಗೂ ಗೊತ್ತಾಗಿರುತ್ತದೆ. ಆ ಗಳಿಗೆಯಲ್ಲಿ ನನಗೆ ಹಣ್ಣಾದ ಹುಳುಗಳೂ ಬೇಡ, ಕೊಳ್ಳೇಗಾಲವೂ ಬೇಡ, ಈ ಮನುಷ್ಯ ಹೊಳೆಗೆ ಬಿದ್ದು ಹೋಗಲಿ ಎನಿಸಿತು. ಅಜ್ಜಿಯ ಮುಖ ಅರಳಿತು, ಅಪ್ಪನ ಕಡೆ ತಿರುಗಿದಳು.

"ನಾ ಹೇಳ್ನಿಲ್ವಾ? ಈ ತಲೇಗೆ ಅತ್ತಾಕಿಲ್ಲ ಅದು. ಸುಮ್ನೆ ಎಲ್ರ ಹೊತ್ತೂ ಹಾಳು. ಬುಡ್ಸು ಗುರ್ಸಿದ್ದ, ಇವತ್ಗೆ ಮುಗೀತು."

ಅಪ್ಪ ಒಂದು ಚಂದ್ರಿಕೆಯನ್ನು ಎತ್ತಿ ಗಾಳಿಯ ಕಡೆಗೆ ನಿಲ್ಲಿಸುತ್ತಿದ್ದ. ಅದನ್ನು ನಿಲ್ಲಿಸಿ, ಅಲುಗದಂತೆ ಒಂದು ಕಲ್ಲು ಕೊಟ್ಟು, ಆಮೇಲೆ ಹೇಳಿದ:

"ಪಾಸಾಗಗಂಟ ಅಂದಿದ್ದೆ ಕಣವ್ವ. ಪಾಸಾಗ್ನಿಲ್ಲ."

"ಅಂದ್ರೆ?"

"ಅಂದ್ರೆ ಇನ್ನೊಂದೊರ್ಸ ಓಗ್ತಾಳೆ. ಮಾತು ಮಾತೇ."

ಅಜ್ಜಿ ಅಪ್ಪನನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು. ತಾನೇ ಒಡ್ಡಿದ ಬಲೆಗೆ ಕಾಲಿಟ್ಟದ್ದು ಗೊತ್ತಾಗಿ, ಬೂದಿಯ ಗೆರೆ ದಾಟಿ ಹೊರಗೆ ಬಂದೇಬಿಟ್ಟಳು.

"ಯಾವ್ ಲೆಕ್ಕ ಮೇಷ್ಟ್ರೇ ತಪ್ಪು? ಹೇಳಿ, ನಾನೂ ಕೇಳ್ತೀನಿ."

ಮೇಷ್ಟ್ರು ಗೋಡೆಯ ಲೆಕ್ಕ ಓದಿ ಹೇಳಿದರು. "ಹದಿನೆಂಟು ಎಂದು ಬರೆದಿದ್ದಾಳೆ. ಜನ ಹೆಚ್ಚಾದರೆ ದಿನ ಕಡಿಮೆಯಾಗಬೇಕು."

"ಯಾವೂರಲ್ಲಿ ಕಡ್ಮೆ ಆಯ್ತದೆ? ನೀವು ಯಾವತ್ತಾದ್ರೂ ಗೋಡೆ ಕಟ್ಸಿದ್ದೀರಾ? ಮೂರ್ ಜನ ಇದ್ರೆ ಕೆಲ್ಸ ಮಾಡ್ತಾರೆ. ಒಂಬತ್ ಜನ ಆದ್ರೆ ಎಲೆಅಡ್ಕೆ ಹಾಕ್ಕಂಡು ಕೂತ್ಕತಾರೆ. ಹದ್ನೆಂಟು ದಿನವೇ ಸರಿ! ನನ್ ಮೊಮ್ಮಗ್ಳು ಸರಿಯಾಗೇ ಬರ್ದವ್ಳೆ. ಜಾಣೆ ಕಣ್ರಿ ಅವ್ಳು!"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನನ್ನು ಅಜ್ಜಿ ಜಾಣೆ ಎಂದದ್ದು ಅದೇ ಮೊದಲು, ಅದೇ ಕೊನೆ. ಮೇಷ್ಟ್ರು ನಗಲಿಲ್ಲ. ಒದ್ದೆ ಬಟ್ಟೆಯಿಂದ ಆ ಒಂದು ಲೆಕ್ಕವನ್ನು ಮಾತ್ರ ಒರೆಸಿ, ಹಲಗೆಯನ್ನು ಗೆರೆಯ ಈಚೆಗೆ ಚಾಚಿದರು.

"ಮಹದೇವಮ್ಮ, ಮತ್ತೆ ಮಾಡು. ಒಬ್ಬನೇ ಕಟ್ಟಿದರೆ ಎಷ್ಟು ದಿನ, ಮೊದಲು ಅದನ್ನು ಬರಿ."

ಅಳುತ್ತಲೇ ಜಗಲಿಯ ಅಂಚಿನಲ್ಲಿ ಕುಳಿತೆ. ಒಬ್ಬನಿಗೆ ಹದಿನೆಂಟು. ಅಯ್ಯೋ, ಹದಿನೆಂಟು ಇಲ್ಲಿತ್ತು. ಒಂಬತ್ತು ಜನಕ್ಕೆ ಹಂಚಿದರೆ ಎರಡು. ಎರಡು ಎಂದು ಬರೆದೆ. ಮೇಷ್ಟ್ರು ನೋಡಿ ಸರಿಗುರುತು ಹಾಕಿದರು. ಭೇಷ್ ಎನ್ನಲಿಲ್ಲ, ಕಣ್ಣೀರು ಒರೆಸಿಕೋ ಎನ್ನಲಿಲ್ಲ.

"ನೋಡಿ, ನೋಡಿ, ಬಂತಲ್ಲ ಎರಡು!" ಅಜ್ಜಿ ಕೈ ತಟ್ಟಿದಳು. "ಈಗ ಮೂರು ಸರಿಯಾಯ್ತು. ಪಾಸು ಮಾಡ್ಬುಡಿ ಸಾ. ನಿಮ್ ಮಕ್ಳು ಮರಿ ಚೆಂದಾಗಿರ್ತವೆ."

"ಗಂಟೆ ಬಾರಿಸಿದ ಮೇಲೆ ಮಾಡಿದ್ದು ಪರೀಕ್ಷೆಗೆ ಸೇರುವುದಿಲ್ಲ."

"ಒಂದು ಲೆಕ್ಕ ಕಣಪ್ಪಾ! ಒಂದೇ ಒಂದು!"

"ಒಂದೇ. ಶಾಲೆ ತೆರೆದ ದಿನ ಬರಲಿ, ನಾಲ್ಕನೇ ಕ್ಲಾಸಿಗೆ," ಎಂದು ಮೇಷ್ಟ್ರು ಕೊಡೆ ಕಂಕುಳಲ್ಲಿಟ್ಟುಕೊಂಡು ಹೊರಟರು.

ಅವರು ಬೇಕೆಂದೇ ಫೇಲು ಮಾಡಿದರೇ ಎಂದು ಈ ಕಥೆ ಕೇಳಿದವರು ಕೇಳುತ್ತಾರೆ. ಮೇಷ್ಟ್ರ ಒಳಗೆ ಎಲ್ಲೋ ಕರುಣೆಯಿತ್ತು ಎಂದು ನಾನು ಹೇಳಲಿ ಎಂಬುದು ಅವರ ಆಸೆ. ಇಲ್ಲ. ಮೂರು ಸರಿಯಿದ್ದಿದ್ದರೆ ಅವರು ಅದೇ ದನಿಯಲ್ಲಿ ಪಾಸು ಎಂದು ಹೇಳಿ, ನನ್ನನ್ನು ಸತ್ತೇಗಾಲದ ಗದ್ದೆಗೆ ಬಿಟ್ಟು, ಅದೇ ನಡಿಗೆಯಲ್ಲಿ ಹೋಗಿಬಿಡುತ್ತಿದ್ದರು. ಲೆಕ್ಕ ತಪ್ಪಾಗಿತ್ತು, ಅಷ್ಟೆ. ಒಳ್ಳೆಯ ಮೇಷ್ಟ್ರ ಬಗ್ಗೆ ನನಗೆ ಗೊತ್ತಿರುವುದೂ ಅಷ್ಟೆ. ಸತ್ತೇಗಾಲದವರು ಒಂದು ವರ್ಷ ಕಾಯಲಿಲ್ಲ. ಆ ಆಷಾಢ ಕಳೆದ ಕೂಡಲೇ ಹುಡುಗನಿಗೆ ಬೇರೆ ಕಡೆ ಹೆಣ್ಣು ತಂದರು. ಅದು ಅಂದು ಯಾರಿಗೂ ಗೊತ್ತಿರಲಿಲ್ಲ. ಅಂದು ನನಗೆ ಗೊತ್ತಿದ್ದದ್ದು ಅವಮಾನ ಒಂದೇ.

ಅಜ್ಜಿ ಕೊಡೆ ಬೀದಿಯ ತಿರುವು ದಾಟುವವರೆಗೂ ಅಂಗಳದಲ್ಲಿ ನಿಂತು ನೋಡಿದಳು. ಆಮೇಲೆ ಕೈಕಾಲು ತೊಳೆದುಕೊಂಡು ಒಳಗೆ ಬಂದು, ಅಪ್ಪನಿಗೂ ಅಲ್ಲ, ಅವ್ವನಿಗೂ ಅಲ್ಲ, ನನಗೆ ಹೇಳಿದಳು:

"ಅತ್ತಿದ್ದು ಸಾಕು ಎದ್ದೇಳೆ. ಇನ್ನೂ ಒಂದ್ ತಟ್ಟೆ ಅದೆ."

ಮೇಲಿನ ತಟ್ಟೆಯನ್ನು ಇಳಿಸಿ ನಡುವೆ ಇಟ್ಟುಕೊಂಡು ನಾಲ್ವರೂ ಸುತ್ತ ಕುಳಿತೆವು. ಹಣ್ಣಾದ ಹುಳುಗಳು ತಲೆಯೆತ್ತಿ ಆಚೀಚೆ ಆಡಿಸುತ್ತಿದ್ದವು; ಬೆರಳಿಗೆ ತಣ್ಣಗೆ ತಾಗುತ್ತಿದ್ದವು. ಕೊನೆಯ ಹುಳುವನ್ನು ಅವ್ವ ಚಂದ್ರಿಕೆಯ ಸುರುಳಿಯೊಳಗೆ ಬಿಟ್ಟಳು. ಅಪ್ಪ ಚಂದ್ರಿಕೆಯನ್ನು ಎತ್ತಿಕೊಂಡು ಹೋದ. ಅಜ್ಜಿ ತಟ್ಟೆಯ ಕಸವನ್ನು ನನ್ನ ಮಡಿಲಿನ ಮೊರಕ್ಕೆ ಸುರಿದಳು. ನಾನು ಅದನ್ನು ತಿಪ್ಪೆಗೆ ಹಾಕಿ, ಮೊರ ಕೊಡವಿ, ಕೈ ತೊಳೆದುಕೊಂಡು ಬಂದೆ.